ಟಾಕಿಯ ಕೆಂಪು ಕಾಲು

ಉಕ್ಕಿನ ಕಟ್ಟಡಗಳ ಬಲವನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಬಣ್ಣದ ಚಿತ್ರವಾಗಿ ಕೊಡುವುದು ಕೊಪ್ಪಳದ ನಮ್ಮ ಸಣ್ಣ ಕಚೇರಿಯ ಕೆಲಸ. ಅಂಕಿ ಕೊಟ್ಟರೆ ಯಾರೂ ಮಾತಾಡುವುದಿಲ್ಲ. ಚಿತ್ರ ಕೊಟ್ಟರೆ ಎಲ್ಲರಿಗೂ ಏನಾದರೂ ಹೇಳಲು ಇರುತ್ತದೆ. ಹಾಗಾಗಿ ಚಿತ್ರದಿಂದ ಹುಟ್ಟುವ ಪ್ರಸಂಗಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಒಂದೇ ಕೆಲಸದಲ್ಲಿ ನಾಲ್ಕು ನಡೆದದ್ದೂ ಉಂಟು.

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ತುಂಬುವ ದೊಡ್ಡ ಉಕ್ಕಿನ ಕಣಜವಿತ್ತು. ಅಲ್ಲಿಯವರು ಅದನ್ನು ಟಾಕಿ ಅನ್ನುತ್ತಿದ್ದರು. ನಾಲ್ಕು ಕಾಲಿನ ಮೇಲೆ ನಿಂತಿದ್ದ ಅದು ತುಂಬಿದಾಗ ಕಿರುಗುಟ್ಟುತ್ತದೆಂದು ಗಿರಣಿಯ ಸಾಹುಕಾರರು ನಮಗೆ ಪರೀಕ್ಷೆಗೆ ಕೊಟ್ಟರು. ಒಂದು ಕಾಲು ಸೋತಿದೆ ಎಂದು ಲೆಕ್ಕ ಹೇಳಿತು. ಭತ್ತ ಒಣಗಿಸುವ ಹೆಂಗಸರು ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದುದು ಆ ಕಾಲಿನ ಪಕ್ಕದ ನೆರಳಿನಲ್ಲೇ.

೧. ಗುಂಡು

ಕಣ್ಣಿಗೆ ಕಾಣದಷ್ಟು ಸಣ್ಣ ಬಾಗನ್ನು ತಂತ್ರಾಂಶ ನೂರಾರು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಮೊದಲ ಚಿತ್ರದಲ್ಲಿ ಟಾಕಿ ಕುಡಿದವನಂತೆ ವಾಲಿತ್ತು. ಸಾಹುಕಾರರು ಗಾಬರಿಯಾಗಿ, ಯಲಬುರ್ಗಾ ಕಡೆಯ ಗೋಡೆ ಕಟ್ಟುವ ಒಬ್ಬ ಮುದುಕ ಗೌಂಡಿಯನ್ನು ಕರೆಸಿದರು. ಅವನು ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದ.

"ಟಾಕಿ ನೆಟ್ಟಗ ಐತ್ರಿ" ಎಂದ. ನಂತರ ನನ್ನ ಕೈಯ ಹಾಳೆಯನ್ನೂ ನೋಡಿದ. "ಸಾಹೇಬ್ರ, ಒಮ್ಮೆ ನಿಮ್ಮ ಕಂಪ್ಯೂಟರಿಗೂ ಗುಂಡು ಹಿಡಿಸ್ರಿ. ಅದರ ಮೇಜು ವಾಲಿರಬೇಕು."

೨. ಹಸಿರು

ಹಿಗ್ಗಿಸುವುದನ್ನು ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ತೋರಿಸಿದೆ. ಬಾಗು ಮಾಯವಾಯಿತು. ಸೋತ ಕಾಲಿನ ಬೆಸುಗೆ ಮಾತ್ರ ಕೆಂಪಾಗಿ ಉಳಿಯಿತು.

"ಇದೊಂದು ಹಸರ ಮಾಡಿಬಿಡ್ರಿ. ವಿಮೆಯವರು ನೋಡ್ತಾರ" ಎಂದರು ಸಾಹುಕಾರರು.

"ಬಣ್ಣ ನಾನು ಬಳಿದದ್ದಲ್ಲ. ಅಲ್ಲಿ ಭಾರ ತಡೆಯುವ ಮಿತಿ ಮೀರಿದೆ."

"ಆ ಮಿತಿ ಎಲ್ಲಿ ಬರದೀರಿ?"

ಚಿತ್ರದ ಬದಿಯ ಬಣ್ಣದ ಪಟ್ಟಿಯನ್ನು ತೋರಿಸಿದೆ. ತುದಿಯ ಅಂಕಿಯನ್ನು ಬೇಕಾದಷ್ಟು ಏರಿಸಬಹುದು. ಏರಿಸಿದರೆ ಇಡೀ ಟಾಕಿ ತಣ್ಣಗೆ ನೀಲಿಯಾಗುತ್ತದೆ. ಅದನ್ನು ನಾನು ಹೇಳಬಾರದಿತ್ತು.

"ಹಂಗಾದ್ರ ಒಂದು ಅಂಕಿ ತಿದ್ದೂದು ಬಿಟ್ಟು ಟಾಕಿ ರಿಪೇರಿ ಮಾಡು ಅಂತೀರಲ್ರಿ?"

"ಅಂಕಿ ತಿದ್ದಿದರೆ ಕಾಲು ಗಟ್ಟಿಯಾಗೋದಿಲ್ಲ."

"ಕಾಲು ಯಾರು ನೋಡ್ತಾರ್ರಿ? ಎಲ್ಲಾರೂ ನೋಡೂದು ನಿಮ್ಮ ಚಿತ್ರ."

೩. ಝೆರಾಕ್ಸ್

ಕೆಂಪನ್ನು ಹಾಗೆಯೇ ಬಿಟ್ಟು ಹಾಳೆ ಕೊಟ್ಟು ಬಂದೆ. ಗೊಣಗುತ್ತಲೇ ಸಾಹುಕಾರರು ರಿಪೇರಿಗೆ ಒಪ್ಪಿದರು. ಗುಮಾಸ್ತ ಆ ಹಾಳೆಯನ್ನು ಕಪ್ಪುಬಿಳುಪು ಝೆರಾಕ್ಸ್ ಮಾಡಿಸಿ, ಕುಷ್ಟಗಿಯಿಂದ ಬಂದ ವೆಲ್ಡರನಿಗೆ ಕೊಟ್ಟು, "ಕರೀದು ಇದ್ದಲ್ಲಿ ಗಟ್ಟಿ ಮಾಡು" ಎಂದ. ಝೆರಾಕ್ಸಿನಲ್ಲಿ ಕೆಂಪೂ ಕಪ್ಪು, ನೀಲಿಯೂ ಕಪ್ಪು. ನೀಲಿ ಇದ್ದದ್ದು ಯಾವ ಭಾರವೂ ಇಲ್ಲದ ಚಾವಣಿಯಲ್ಲಿ. ಅದು ದೊಡ್ಡದಾಗಿ ಕಂಡಿತು. ಅವನು ಚಾವಣಿಗೆ ಸುತ್ತಲೂ ದಪ್ಪ ತಗಡು ಬೆಸೆದ, ಬಹಳ ಚೆನ್ನಾಗಿ. ಸೋತ ಕಾಲಿನ ಮೇಲೆ ಈಗ ಆ ತಗಡಿನ ಭಾರವೂ ಕೂತಿತು.

ಹೋಗಿ ನೋಡಿ ಕೆಳಗೆ ಬೊಟ್ಟು ಮಾಡಿದೆ. "ಕಾಲು?" ಎಂದೆ.

"ಅದು ನನಗ ಗೊತ್ತಿಲ್ರಿ" ಎಂದ ವೆಲ್ಡರ್. "ಆದ್ರ ಟಾಕಿ ಬಿದ್ರೂ ಮ್ಯಾಲಿನ ಈ ಚತ್ತ ಬಿಚ್ಚಂಗಿಲ್ಲ. ಬೇಕಾದ್ರ ಬರದು ಕೊಡ್ತೀನಿ."

೪. ನೆರಳು

"ಒಮ್ಮೆ ಬೆಸಿಗಿ ಹಾಕಿಸೀನಿ. ಇನ್ನ ಸುಗ್ಗಿ ಮುಗೀಲಿ, ನೋಡೂಣು" ಎಂದರು ಸಾಹುಕಾರರು. ಟಾಕಿ ತುಂಬಿತ್ತು. ಕೆಳಗೆ ಹೆಂಗಸರು ರೊಟ್ಟಿ ಮುರಿಯುತ್ತಿದ್ದರು. ಅವರಲ್ಲಿ ಹಿರಿಯಳಿಗೆ ವಿಷಯ ಹೇಳಿದೆ. ಅವಳು ತಲೆಯೆತ್ತಿ ಟಾಕಿಯನ್ನು ನೋಡಿದಳು.

"ಯಾವ ಕಡಿ ಬೀಳತೈತ್ರಿ? ಅದನ್ನ ಹೇಳ್ರಿ, ಇನ್ನೊಂದು ಕಡಿ ಕುಂದರ್ತೀವಿ."

ಕೊಪ್ಪಳಕ್ಕೆ ಮರಳಿ ಅವಳಿಗೆಂದೇ ಒಂದು ಚಿತ್ರ ಮಾಡಿದೆ. ಅಂಕಿಗಳನ್ನೂ ಬಣ್ಣದ ಪಟ್ಟಿಯನ್ನೂ ತೆಗೆದುಹಾಕಿ, ಮೇಲಿಂದ ನೋಡಿದಂತೆ ಗಿರಣಿಯ ಅಂಗಳವನ್ನಷ್ಟೇ ಉಳಿಸಿದೆ. ಟಾಕಿ ಬೀಳಬಹುದಾದ ಜಾಗಕ್ಕೆಲ್ಲ ಕಪ್ಪು, ಉಳಿದದ್ದಕ್ಕೆ ಬಿಳಿ. ಅಷ್ಟು ಸರಳವಾದ ಚಿತ್ರವನ್ನು ನಾನು ಅದಕ್ಕೂ ಮೊದಲು ಮಾಡಿರಲಿಲ್ಲ.

ಗಿರಣಿಗೆ ಒಯ್ದು ಕೊಟ್ಟಾಗ ಹೆಂಗಸರು ಸುತ್ತಲೂ ಕೂಡಿ ನೋಡಿದರು.

"ಬಿಳೀದು ಪೂರಾ ಬಿಸಲಾಗ ಐತಲ್ಲಬೇ" ಎಂದಳೊಬ್ಬಳು.

"ಟಾಕಿ ಬಿದ್ರ ಒಮ್ಮೆ ಸಾಯ್ತೀವಿ. ಬಿಸಲಾಗ ಕುಂತ್ರ ದಿನಾ ಸಾಯೂದು" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಹಿರಿಯಳು ಮಾತ್ರ ಹಾಳೆಯ ಮೂಲೆಯಲ್ಲಿ ಬೆರಳಿಟ್ಟು, "ಈ ಬಿಳಿ ಚೌಕ ಯಾವುದ್ರಿ?" ಎಂದಳು.

"ಅದು ಸಾಹುಕಾರರ ಆಫೀಸು."

ಮರುದಿನ ಮಧ್ಯಾಹ್ನ ಅಷ್ಟೂ ಹೆಂಗಸರು ಬುತ್ತಿಗಂಟು ಹಿಡಿದು ಆಫೀಸಿನಲ್ಲಿ, ಫ್ಯಾನಿನ ಕೆಳಗೆ, ಸಾಲಾಗಿ ಕೂತರು. ಸಾಹುಕಾರರು ಕೂಗಾಡಿದರು. ಹಿರಿಯಳು ಹಾಳೆ ಮುಂದೆ ಹಿಡಿದಳಂತೆ: "ಸಿಟ್ಟಾಗಬ್ಯಾಡ್ರಿ ಧಣಿ. ಇಲ್ಲಿ ಕುಂತ್ರ ಸಾಯಂಗಿಲ್ಲ ಅಂತ ಇಂಜಿನಿಯರ್ ಸಾಹೇಬ್ರು ಬರದು ಕೊಟ್ಟಾರ."

ಆ ವಾರ ಮುಗಿಯುವುದರೊಳಗೆ ಟಾಕಿ ಖಾಲಿಯಾಯಿತು. ಹಳೆಯ ಕಾಲನ್ನು ಕತ್ತರಿಸಿ ತೆಗೆದಾಗ ಅದರ ಬೆಸುಗೆಯಲ್ಲಿ ಉಗುರು ತೂರುವಷ್ಟು ಬಿರುಕು ಇತ್ತು. ಸಾಹುಕಾರರನ್ನು ಕರೆದು ಅದನ್ನು ತೋರಿಸಿದೆ. ಅವರು ಅದರ ಕಡೆ ತಿರುಗಿಯೂ ನೋಡದೆ ವೆಲ್ಡರನಿಗೆ ಹೇಳಿದರು:

"ಲಗೂನ ಮುಗಿಸಪಾ. ಆಫೀಸಿನ್ಯಾಗ ಬಳ್ಳೊಳ್ಳಿ ಚಟ್ನಿ ವಾಸನಿ ತಡಿಯಾಕ ಆಗವಲ್ದು."