ಹಿತ್ತಲಿನ ಸೇಬಿನ ಗಿಡದವರ ಸನ್ನಿಧಿಗೆ

ಅಕ್ಕೋಳ, ಮೇ ೧೯೮೮

ಮಾನ್ಯ ಸೇಬಿನ ಗಿಡದವರೇ,

ನಮ್ಮ ಹಿತ್ತಲಿಗೆ ತಾವು ಬಿಜಯಂಗೈದು ಮೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಇಷ್ಟು ಕಾಲವೂ ಮೊಣಕಾಲೆತ್ತರದಲ್ಲೇ ಉಳಿದು, ತಮ್ಮನ್ನು ತಲೆಯೆತ್ತಿ ನೋಡುವ ಕಷ್ಟವನ್ನು ಯಾರಿಗೂ ಕೊಡದ ತಮ್ಮ ಸೌಜನ್ಯಕ್ಕೆ ಅನಂತ ವಂದನೆಗಳು.

ಚಿಕ್ಕೋಡಿಯ ಸಂತೆಯಲ್ಲಿ ಸಸಿ ಮಾರುವವನು "ಕಾಶ್ಮೀರದ ಮಾಲ್ ಐತ್ರಿ ಸಾವಕಾರ್ರ, ಥಂಡಿ ಒಂದ್ ಕೊಡ್ರಿ ಸಾಕು" ಎಂದು ತಮ್ಮನ್ನು ನಮ್ಮ ತಂದೆ ಆಬಾಸಾಹೇಬರ ಕೈಗಿತ್ತ ದಿನದಿಂದ ಅವರು ಥಂಡಿ ಕೊಡುತ್ತಲೇ ಇದ್ದಾರೆ. ನಿಪ್ಪಾಣಿಯಿಂದ ಹೊಟ್ಟಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದ ಬರ್ಫದ ಗಡ್ಡೆ ತಮ್ಮ ಪಾದ ಸೇರುವಷ್ಟರಲ್ಲಿ ಬಿಸಿನೀರಾಗಿದ್ದರೆ ಅದು ತಮ್ಮ ತಪ್ಪಲ್ಲ. ತಾಯಿ ಚಂದ್ರಮತಿಯವರ ಇಳಕಲ್ಲ ಸೀರೆ ತಮಗೆ ಚಪ್ಪರವಾಗಿ ಬಣ್ಣ ಕಳೆದುಕೊಂಡಿತು. ಜೈನರ ಮನೆಯಲ್ಲಿ ಔಷಧ ಹೊಡೆದು ಜೀವ ತೆಗೆಯುವಂತಿಲ್ಲವಾಗಿ, ತಮಗೆ ಹತ್ತಿದ ಹುಳಗಳನ್ನು ತಂದೆಯವರೇ ಒಂದೊಂದಾಗಿ ಎತ್ತಿ ಪಕ್ಕದ ಪೇರಲ ಗಿಡಕ್ಕೆ ಬಿಡುತ್ತಾರೆ.

ಆ ಪೇರಲ ನಮ್ಮಜ್ಜಿ ಸೋನಾಬಾಯಿ ಹಚ್ಚಿದ್ದು. ಯಾರೂ ಕೇಳದಿದ್ದರೂ ಹಣ್ಣು ಬಿಡುವ ಕೆಟ್ಟ ಚಟ ಅದಕ್ಕೆ. ತಮ್ಮ ದರ್ಶನಕ್ಕೆ ಬಂದವರೆಲ್ಲ ಅದರ ಹಣ್ಣು ತಿಂದು, ತಮ್ಮನ್ನು ಹೊಗಳಿ ಹೋಗುತ್ತಾರೆ. ಮೊನ್ನೆ ಓಣಿಯ ದಿಲಶಾದಬಿ ಸೆರಗಿನ ತುಂಬ ಪೇರಲ ಕಟ್ಟಿಕೊಂಡು, "ಅಣ್ಣಾರ, ನಿಮ್ಮ ಸೇಬು ಭಾಳ ರುಚಿ ಅದಾವ್ರಿ" ಎಂದಾಗ ತಂದೆಯವರೊಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು. ಸಂಜೆಯ ಊಟಕ್ಕೆ ಕೂತಾಗ ಅವರ ತೀರ್ಪು ಬಂತು: "ಆ ಪೇರಲ ಗಿಡಾನ ಸೇಬಿನ ನೀರೆಲ್ಲಾ ಕುಡ್ಯಾಕತ್ತೈತಿ. ರವಿವಾರ ಕಡಸೂದ."

ಹುಳ ಸಾಯಬಾರದು, ಆ ಹುಳಕ್ಕೆ ಆಶ್ರಯ ಕೊಟ್ಟ ಗಿಡ ಸಾಯಬಹುದು ಎಂಬ ಸೂಕ್ಷ್ಮ ಧರ್ಮ ನನ್ನ ಬಿ.ಎ. ಓದಿಗೆ ನಿಲುಕಲಿಲ್ಲ. ತಂದೆಯವರ ಎದುರು ನನಗೆ ಮಾತು ಹೊರಡದ ಕಾರಣ ತಮ್ಮಲ್ಲೇ ಬೇಡುತ್ತಿದ್ದೇನೆ. ದಯಮಾಡಿ ಶನಿವಾರದೊಳಗೆ ಒಂದು ಹಣ್ಣು ಬಿಡಿ. ಕಾಶ್ಮೀರದ್ದೇ ಆಗಬೇಕೆಂಬ ಹಟವಿಲ್ಲ. ಅನಾನುಕೂಲವಾದರೆ ತಮ್ಮ ಘನತೆಗೆ ತಕ್ಕಂತೆ ಒಣಗಿಬಿಡಿ. ಅದಕ್ಕೂ ಪುರುಸೊತ್ತಿಲ್ಲದಿದ್ದರೆ ಬೇರು ಕಿತ್ತುಕೊಂಡು ಕೊಲ್ಹಾಪುರದ ಬಸ್ಸು ಹತ್ತಿಬಿಡಿ, ಟಿಕೀಟು ನಾನು ತೆಗೆಸುತ್ತೇನೆ.

ತಮ್ಮ ನೆರಳನ್ನು ಇನ್ನೂ ಕಾಣದ,
ತಮ್ಮ ವಿಶ್ವಾಸಿ
ಕುಸುಮ

ತಾ.ಕ.: ರವಿವಾರ ತಂದೆಯವರು ಮದುವೆಗೆಂದು ಅಥಣಿಗೆ ಹೋಗುತ್ತಾರೆ. ಕೊಡಲಿ ತರುವ ಮಲಕಾರಿ ನಮ್ಮ ಹಿತ್ತಲಿಗೆ ಹೊಸಬ. ಯಾವ ಗಿಡ ಕಡಿಯಬೇಕೆಂದು ಬೆರಳು ಮಾಡಿ ತೋರಿಸುವ ಕೆಲಸವನ್ನು ನನಗೆ ವಹಿಸಿದ್ದಾರೆ.