ಮೂರು ರೊಟ್ಟಿಯ ಸಾಕ್ಷಿ

ಸುಳ್ಳು ಹೇಳದ ಟೇಲರ್ ಅನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರತ್ತೆ! "ನಾಳಿ ಕೊಡ್ತೇನಿ" ಎನ್ನದೆ ಆಳಂದದಲ್ಲಿ ಅವರ ಹೊಲಿಗೆ ಮಷೀನು ಇಷ್ಟು ವರ್ಷ ಹೇಗೆ ನಡೆಯಿತೆಂಬುದು ನನಗಿನ್ನೂ ಅರ್ಥವಾಗಿಲ್ಲ. ಯಾರಾದರೂ ಬಟ್ಟೆ ತಂದರೆ, "ಹದಿನೇಳು ದಿನ ಬೇಕವ್ವ. ನಡುವೆ ಕಣ್ಣು ನೋಯ್ತಂದ್ರ ಹದಿನೆಂಟು" ಎನ್ನುತ್ತಾರೆ. ಮದುವೆಯ ಬ್ಲೌಸು ತೊಟ್ಟ ಹುಡುಗಿಯೊಬ್ಬಳು, "ಆಂಟಿ, ಚಂದ ಕಾಣ್ತೀನೇನ್ರಿ?" ಎಂದು ನಾಚುತ್ತ ಕೇಳಿದಳು. "ಹೊಲಿಗಿ ಚಂದ ಅದ. ಬಣ್ಣ ನಿನಗ ಒಪ್ಪಂಗಿಲ್ಲ."

ಮದುವೆ ಆಯಿತು. ಆ ಹುಡುಗಿ ಮತ್ತೆ ಬರಲಿಲ್ಲ.

ಎಲ್ಲದಕ್ಕೂ ಕಾರಣ ಅತ್ತೆಯ ಬೈಬಲ್. ಸುಳ್ಳು ನಾಲಿಗೆಯನ್ನು ದೇವರು ಸಹಿಸುವುದಿಲ್ಲ, ಮಾಟ ಮಂತ್ರ, ಕಣಿ, ಶಕುನಗಳ ಹತ್ತಿರ ಸುಳಿಯಬಾರದು ಎಂಬ ಎರಡು ಎಚ್ಚರಿಕೆಗಳನ್ನು ಅವರು ಅಕ್ಷರಶಃ ಹಿಡಿದುಕೊಂಡಿದ್ದಾರೆ. ಬೆಳಿಗ್ಗೆ ಪೇಪರ್ ಬಂದೊಡನೆ ರಾಶಿಭವಿಷ್ಯದ ಚೌಕವನ್ನು ಕತ್ತರಿಯಿಂದ ಕತ್ತರಿಸಿ ತೆಗೆಯುತ್ತಾರೆ. ಅದರ ಹಿಂದಿನ ಪುಟದಲ್ಲಿ ಕ್ರಿಕೆಟ್ ಇರುತ್ತದೆ. ಯಾವ ಮ್ಯಾಚು ಯಾರು ಗೆದ್ದರೆಂದು ಪಾಪ, ಮಾವನಿಗೆ ಮನೆಯಲ್ಲಿ ಗೊತ್ತಾಗುವುದೇ ಇಲ್ಲ!

ಒಮ್ಮೆ ಯಾರೋ ಬಾಗಿಲಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಇಟ್ಟು ಹೋದರು. ಅತ್ತೆ ತೊಳೆದು ಶರಬತ್ತು ಮಾಡಿದರು. ಮಾವ ಎರಡು ಲೋಟ ಕುಡಿದು, "ನಿಂಬಿಹಣ್ಣು ಎಲ್ಲಿಂದ ತಂದಿ?" ಎಂದರು. ಸುಳ್ಳು ಹೇಳುವ ಹಾಗಿಲ್ಲವಲ್ಲ! ಉತ್ತರ ಕೇಳಿದ ಮಾವ ನಲ್ಲಿಯ ಹತ್ತಿರ ಓಡಿದವರು, ಬಾಯಿ ಮುಕ್ಕಳಿಸಿದ್ದೇ ಮುಕ್ಕಳಿಸಿದ್ದು.

ಹೀಗೆ ನಗುತ್ತಿದ್ದ ನಾವೆಲ್ಲ ಒಂದು ದಿನ ನಗಲಾರದೆ ನಿಂತೆವು.

ಓಣಿಯ ಕೊನೆಯಲ್ಲಿ ಒಬ್ಬ ವಿಧವೆ ಇದ್ದಳು. ಅವಳ ಎದುರು ಮನೆಯ ಹುಡುಗಿ ಶಾಲೆಯಲ್ಲಿ ಪದೇ ಪದೇ ತಲೆಸುತ್ತಿ ಬೀಳತೊಡಗಿದಾಗ, ಈ ವಿಧವೆಯೇ ಬಾನಾಮತಿಯ ಮಾಟ ಮಾಡಿದ್ದಾಳೆಂದು ಗುಸುಗುಸು ಹುಟ್ಟಿತು. ಅವಳ ಮನೆಗೆ ಜನ ಹೋಗುವುದು ನಿಂತಿತು, ಹಾಲಿನವನೂ ಬರುವುದನ್ನು ಬಿಟ್ಟ. ಕೊನೆಗೆ ಅವಳನ್ನು ಓಣಿ ಬಿಡಿಸಬೇಕೆಂದು ನಾಲ್ಕು ಜನ ಹಿರಿಯರು ಅರ್ಜಿ ಬರೆದು ಅತ್ತೆಯ ಸಹಿಗೆ ಬಂದರು. ಅಳತೆ ಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ.

"ಅಕ್ಕಾ, ಮಾಟ ಮಾಡೋದು ಪಾಪ ಅಂತ ನಿಮ್ಮ ಬೈಬಲ್‌ದಾಗೂ ಅದ ಅಲ್ರಿ?"

"ಅದರಿ. ನೆರೆಯವರ ಮ್ಯಾಲ ಸುಳ್ಳು ಸಾಕ್ಷಿ ಹೇಳಬ್ಯಾಡ್ರಿ ಅಂತನೂ ಅದ. ಆಕಿ ಮಾಟ ಮಾಡಿದ್ದು ನೀವು ಕಂಡೀರೇನು?"

"ನಾವು ಕಂಡಿಲ್ರಿ. ಮಂದಿ ಅಂತಾರ."

"ಆ ಮಂದೀನ ಕರ್ಕೊಂಡು ಬರ್ರಿ. ಅಲ್ಲಿತನಕ ನಾ ಊಟ ಮಾಡಿ ಬರ್ತೇನಿ."

ಅತ್ತೆ ಎದ್ದವರೇ ನೇರ ಆ ವಿಧವೆಯ ಮನೆಗೆ! ಹೊರಗಿನ ಕಟ್ಟೆಯ ಮೇಲೆ, ಇಡೀ ಓಣಿಯ ಕಣ್ಣೆದುರು ಕೂತು, "ತಂಗಿ, ಹಸಿವಾಗ್ಯದ. ರೊಟ್ಟಿ ಕೊಡವ್ವ" ಎಂದರು. ಅವಳು ಬಾಗಿಲು ಬಿಟ್ಟು ಬರಲಿಲ್ಲ. "ಬ್ಯಾಡ್ರಿ ಅಕ್ಕಾ. ನಿಮಗ ಏನರ ಆದ್ರ ನನ್ನ ಜೀವ ತಗೀತಾರ" ಎಂದಳು. ಅತ್ತೆ ಏಳಲಿಲ್ಲ. ಕಡೆಗೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಬಂತು. ಒಂದಲ್ಲ, ಎರಡಲ್ಲ, ಮೂರು ರೊಟ್ಟಿ!

ಮರುದಿನ ಬೆಳಿಗ್ಗೆ ಅತ್ತೆಗೆ ಹೊಟ್ಟೆನೋವು.

ಎಂಥ ಫಜೀತಿ ನೋಡಿ! ಬಾಗಿಲ ಮುಂದೆ ಓಣಿಯೇ ನೆರೆದಿತ್ತು. "ತಬ್ಯತ್ ಹೆಂಗದರಿ ಅಕ್ಕಾ?" ಇಂದಾದರೂ ಒಂದು ಸುಳ್ಳು ಹೇಳಲಿ ದೇವರೇ ಎಂದು ನಾನು ಬೇಡಿಕೊಂಡೆ.

"ಹೊಟ್ಟಿ ನೋಯಾಕತ್ತದ" ಎಂದರು ಅತ್ತೆ. ಎಲ್ಲರೂ ವಿಧವೆಯ ಮನೆಯತ್ತ ತಿರುಗಿದರು. "ಈ ವಯಸ್ಸಿನ್ಯಾಗ ಮೂರು ರೊಟ್ಟಿ ತಿಂದ್ರ ಯಾರಿಗೆ ನೋಯಂಗಿಲ್ಲ? ನಿಮ್ಮ ಮನ್ಯಾಗ ಒಂದರ ಮ್ಯಾಲ ಕೊಡಂಗಿಲ್ಲ, ಅದಕ್ಕ ನೋವು ಬಂದಿಲ್ಲ!"

ಮೊದಲು ನಕ್ಕವಳು ಎದುರು ಮನೆಯ ಹುಡುಗಿಯ ತಾಯಿ. ಅದೇ ವಾರ ಅತ್ತೆ ಆ ತಾಯಿ-ಮಗಳಿಬ್ಬರನ್ನೂ ಕಲಬುರಗಿಯ ದವಾಖಾನೆಗೆ ಕರೆದೊಯ್ದರು. ರಕ್ತ ಕಡಿಮೆ ಇದೆಯೆಂದು ಡಾಕ್ಟರು ಗುಳಿಗೆ ಕೊಟ್ಟರು. ಹುಡುಗಿ ಬೀಳುವುದು ನಿಂತಿತು. ಅರ್ಜಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಹೋದ ತಿಂಗಳು ಗುಂಡಿ ಹಚ್ಚುತ್ತ ಕೂತಿದ್ದ ಅತ್ತೆಯನ್ನು ಕೇಳಿದೆ: "ಅವತ್ತು ನಿಮಗ ಅಂಜಿಕಿ ಆಗಿರಲಿಲ್ಲೇನ್ರಿ?"

"ಆಗಿತ್ತು. ಭಾಳ ಆಗಿತ್ತು."

"ಮತ್ತ ಯಾಕ ಹೋದ್ರಿ?"

ಸೂಜಿ ನಿಂತಿತು. ತಲೆ ಎತ್ತದೆ ಹೇಳಿದರು: "ನಾ ಸಣ್ಣಾಕಿ ಇದ್ದಾಗ ನಮ್ಮೂರು ನಿಂಬರ್ಗಾದಾಗ ನಮ್ಮವ್ವಗೂ ಹಿಂಗೇ, ಮಾಟ ಮಾಡ್ತಾಳ ಅಂದಿದ್ರು. ಅವ್ವ ದಿನಾ ಎರಡು ರೊಟ್ಟಿ ಹೆಚ್ಚಿಗಿ ಬಡೀತಿದ್ಲು, ಯಾರರ ಬಂದ್ರ ಇರಲಿ ಅಂತ. ಯಾರೂ ಬರಲಿಲ್ಲ."

ಅಜ್ಜಿಯ ಈ ಕಥೆ ಅಪ್ಪ ನನಗೆಂದೂ ಹೇಳಿರಲಿಲ್ಲ. ನಾನು ಅತ್ತೆಯ ಕೈಯಿಂದ ಸೂಜಿ ತೆಗೆದಿಟ್ಟು, ಆ ಕೈ ಹಿಡಿದುಕೊಂಡು ಕೂತೆ.