ಭಾವನವರ ಜೇಬಿನ ಕನ್ನಡಿ

ನಮ್ಮ ಭಾವ ಜನರ ಉಸಿರು ಕದಿಯುತ್ತಾರೆ ಎಂದು ಗಾದಿಗನೂರಿನಿಂದ ಬರುವ ಕೆಲಸದಾಕೆ ಆಣೆಯಿಟ್ಟು ಹೇಳುತ್ತಿದ್ದಳು. ನಾನ್‌ಸೆನ್ಸ್! ಕದಿಯುತ್ತಿರಲಿಲ್ಲ, ಎಣಿಸುತ್ತಿದ್ದರು, ಅಷ್ಟೇ.

ಹೊಸಪೇಟೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ರಿಟೈರಾದವರು. ಅಕ್ಕನ ಶ್ವಾಸಕೋಶ ಬಿಗಿಯುತ್ತಿದೆ, ಯಾವಾಗ ಬೇಕಾದರೂ ಕೈಕೊಡಬಹುದು ಎಂದು ಡಾಕ್ಟರು ಹೇಳಿದ ದಿನದಿಂದ ಹೆಂಡತಿಯ ಎದೆಯ ಏರಿಳಿತಕ್ಕೆ ಕಾವಲು ಕೂತರು. ಆಮೇಲೆ ಆ ಚಟ ಊರಿಗೆಲ್ಲ ಹಬ್ಬಿತು. ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಮಲಗಿದ್ದವಳು ಕಣ್ಣು ಬಿಟ್ಟರೆ, ಗೇಣು ದೂರದಲ್ಲಿ ಎರಡು ಬಿಳಿ ಹುಬ್ಬು, ರೆಪ್ಪೆ ಮಿಟುಕಿಸದ ಎರಡು ಕಣ್ಣು! ಮೂಗಿನ ಕೆಳಗೆ ತಣ್ಣನೆಯ ಪುಟ್ಟ ಕನ್ನಡಿ. ಕಾನ್ವೆಂಟಿನಲ್ಲಿ ಕಲಿತವಳಲ್ಲವೇ, "ಜೀಸಸ್!" ಎಂದು ಕಿರುಚಿದೆ. ವೈಷ್ಣವರ ಮನೆಯಲ್ಲಿ!

"ಹದಿನಾಕು," ಅಂದರು ಭಾವ. "ಭಾಳ ಚಲೋ ಅದ. ಮಲ್ಕೋ."

ಮಲಗುವುದೆಲ್ಲಿಂದ ಬಂತು!

ಊಟಕ್ಕೆ ಕೂತರೆ ಲೆಕ್ಚರ್. "ಮಿದುಳು ತಲಿಬುರುಡಿ ಒಳಗ ಕತ್ತಲದಾಗ ಕುಂತಿರ್ತದ. ಅದಕ್ಕ ಗಾಳಿ ಕಾಣಂಗಿಲ್ಲ. ತಂಪು ಹತ್ತಿತು ಅಂತ ಮೂಗು ಸುದ್ದಿ ಕಳಸ್ತದ, ಹಿಗ್ಗೀನಿ ಅಂತ ಶ್ವಾಸಕೋಶ, ಎಳದೀನಿ ಅಂತ ಪಕ್ಕೆಲುಬಿನ ಸ್ನಾಯು. ಕೇಳಿದಷ್ಟು ಸುದ್ದಿ ಬರಲಿಲ್ಲ ಅಂದ್ರ ಮಿದುಳಿಗೆ ಗಾಬರಿ. ಆ ಗಾಬರೀನ ಏದುಸಿರು!"

ಮುಗಿಯಿತು! ಕೂತವರಿಗೆಲ್ಲ ತಂತಮ್ಮ ಉಸಿರು ನೆನಪಾಯಿತು. ನಾವೇ ಎಳೆದುಕೊಳ್ಳದಿದ್ದರೆ ನಿಂತೇಹೋಗುತ್ತದೆ ಎನ್ನುವ ಹಾಗೆ ಮುಖ ಮುಖ ನೋಡಿದೆವು. ಹೋಳಿಗೆ ಎಲೆಯಲ್ಲೇ ಆರಿತು. ಈಗ ನಿಮಗೂ ಶುರುವಾಯಿತಲ್ಲವೇ? ಸಾರಿ!

ಕಂಪ್ಲಿ ಬಸ್ಸಿನಲ್ಲಿ ಆದದ್ದಂತೂ ಪ್ಯೂರ್ ಹಾರರ್. ಪಕ್ಕದ ಸೀಟಿನ ದಢೂತಿ ಮನುಷ್ಯ ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದ. ಭಾವ ಮೆಲ್ಲಗೆ ಅವನ ಮೂಗಿಗೆ ಕನ್ನಡಿ ಹಿಡಿದರು. ಹಬೆಯೇ ಕೂರಲಿಲ್ಲ! ಭಾವನ ಮುಖ ಬಿಳಿಚಿದ್ದನ್ನು ಕಂಡದ್ದೇ ಆ ಮನುಷ್ಯನ ಹೆಂಡತಿ ಎದೆ ಬಡಿದುಕೊಂಡಳು. "ಅಯ್ಯೋ, ಹೋದ್ನಲ್ಲಪ್ಪೋ ನನ್ ಗಂಡ!" ಬಸ್ಸು ನಿಂತಿತು. ಇಂಜಿನ್ನೂ ಆರಿತು. ಆ ಮೌನದಲ್ಲಿ ಹೆಣ ನಿಧಾನಕ್ಕೆ ಎದ್ದು ಕೂತು ಕೇಳಿತು: "ಕಂಪ್ಲಿ ಬಂತೇನ್ರಿ?"

ಬಾಯಲ್ಲಿ ಉಸಿರಾಡುವವನ ಮೂಗಿಗೆ ಕನ್ನಡಿ ಹಿಡಿದಿದ್ದರು ನಮ್ಮ ಪ್ರೊಫೆಸರ್! ಈ ಕಥೆ ಕೇಳಿ ಅಕ್ಕ ನಕ್ಕಳು, ನಗು ಕೆಮ್ಮಾಯಿತು. ಭಾವ ನಗುವುದನ್ನು ಬಿಟ್ಟು ಎಣಿಸತೊಡಗಿದರು.

ಹೋದ ಬೇಸಿಗೆಯಲ್ಲಿ ಅವಳ ಉಸಿರು ತೀರಾ ಸಣ್ಣದಾಯಿತು. ಆಕ್ಸಿಜನ್ ಕೊಟ್ಟರೂ "ಗಾಳಿ ಸಾಲವಲ್ದರೀ" ಎನ್ನುವಳು. ಭಾವ ಬೀಸಣಿಗೆ ತಂದು ಬರೀ ಕೆನ್ನೆಗೆ, ಮೂಗಿಗೆ ಬೀಸತೊಡಗಿದರು.

"ಇಲ್ಲಿ ತಂಪು ಹತ್ತಿದ್ರ ಗಾಳಿ ಬಂತು ಅಂತ ಮಿದುಳಿಗೆ ಸುದ್ದಿ ಹೋಗ್ತದ."

"ಅಂದ್ರ ಸುಳ್ಳು ಸುದ್ದಿ ಕಳಿಸಿ ನನ್ನ ಯಾಮಾರಿಸ್ತೀರೇನ್ರಿ?"

"ಹೂಂ. ಹಗುರ ಆತಿಲ್ಲೋ?"

"ಆತ್ರಿ. ಬೀಸ್ರಿ, ನಿಲ್ಲಿಸಬ್ಯಾಡ್ರಿ."

ಮೂರನೇ ಮಧ್ಯಾಹ್ನ ಅಕ್ಕನ ಎದೆ ಏರಲಿಲ್ಲ. ಬೀಸಣಿಗೆ ಆಡುತ್ತಲೇ ಇತ್ತು. ಆ ಗಾಳಿಗೆ ಅವಳ ಹಣೆಯ ನರೆಗೂದಲು ಇನ್ನೂ ಅಲುಗುತ್ತಿತ್ತು.

"ಭಾವ, ಕನ್ನಡಿ ಕೊಡಲಾ?" ಅಂದೆ.

"ಬ್ಯಾಡ," ಅಂದರು. ಕೈ ನಿಲ್ಲಿಸಲಿಲ್ಲ.

ಈಗಲೂ ಅಲ್ಲಿಗೆ ಹೋಗಿ ಮಧ್ಯಾಹ್ನ ಮಲಗಿದರೆ, ಅವರು ಬಾಗಿಲ ಬಳಿ ಬಂದು ನಿಂತದ್ದು ಗೊತ್ತಾಗುತ್ತದೆ. ಒಳಗೆ ಬರುವುದಿಲ್ಲ. ಕನ್ನಡಿಯೂ ಇಲ್ಲ. ನಾನು ಕಣ್ಣು ತೆರೆಯದೆ, ಅಲ್ಲಿಗೆ ಕೇಳಿಸುವ ಹಾಗೆ ಜೋರಾಗಿ ಉಸಿರು ಬಿಡುತ್ತೇನೆ.